ಅಮ್ಮನ ಮಂಡಿಗೆ ಎಷ್ಟು ರೂಪಾಯಿಯ ಮುಲಾಮು?

ಪ್ರಶ್ನೆ: ನನ್ನ ಅಮ್ಮನಿಗೆ 68 ವರ್ಷ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಐದಾರು ವರ್ಷದಿಂದ ಎರಡೂ ಮಂಡಿ ನೋವು. ಸವೆತ ಎಂದು ಡಾಕ್ಟರು ಡೈಕ್ಲೊಫೆನಾಕ್ ಜೆಲ್ ಬರೆದುಕೊಟ್ಟಿದ್ದಾರೆ, 30 ಗ್ರಾಂ ಟ್ಯೂಬಿಗೆ 120 ರೂಪಾಯಿ. ‘ಅದರಲ್ಲಿ ಏನೂ ಇಲ್ಲ, ನೀರು ಹಚ್ಚಿದ ಹಾಗೆ’ ಅಂತಾರೆ ಅಮ್ಮ. ಚಿಕ್ಕಮ್ಮನ ಮಗ ಅಮೆರಿಕದಿಂದ ಬರುವಾಗ ಒಂದು ಕ್ರೀಮು ತಂದುಕೊಟ್ಟ. ನಮ್ಮ ದುಡ್ಡಿನಲ್ಲಿ ಎರಡು ಸಾವಿರದ ಹತ್ತಿರ. ಲಿಡೊಕೇನ್ 4%, ಮೆಂಥಾಲ್ 1% ಎಂದು ಬರೆದಿದೆ. ಅದನ್ನು ಹಚ್ಚಿದ ಕೂಡಲೇ ಹಗುರವಾಗುತ್ತದಂತೆ, ಇನ್ನೊಂದು ತರಿಸು ಎನ್ನುತ್ತಿದ್ದಾರೆ. ದುಬಾರಿ ಕ್ರೀಮು ನಿಜಕ್ಕೂ ಒಳ್ಳೆಯದೋ, ದುಡ್ಡು ಜಾಸ್ತಿ ಅನ್ನುವುದಕ್ಕೇ ಬರುವ ಸಮಾಧಾನವೋ? ಸಮಾಧಾನವೇ ಆಗಿದ್ದರೂ ಅಮ್ಮ ಖುಷಿಯಾಗಿದ್ದರೆ ತಪ್ಪೇನು? ಅಥವಾ ಇದೆಲ್ಲ ಬಿಟ್ಟು ದಿನಕ್ಕೊಂದು ನೋವಿನ ಮಾತ್ರೆ ನುಂಗುವುದೇ ಅಗ್ಗವಲ್ಲವೇ?
— ಓದುಗರು, ತಿಪಟೂರು

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲದರ ಬೆಲೆಯೂ ಇದೆ, ಒಂದು ಸಂಗತಿ ಮಾತ್ರ ಇಲ್ಲ. ಆ 120 ರೂಪಾಯಿಯ ಟ್ಯೂಬು ಮನೆಯಲ್ಲಿ ಎಷ್ಟು ದಿನ ಬರುತ್ತದೆ? ಎರಡು ಮೂರು ವಾರವಾದರೂ ಬರುತ್ತಿರಬೇಕು ಎಂದು ನನ್ನ ಊಹೆ. ನಮ್ಮ ಬಹುತೇಕ ಮನೆಗಳಲ್ಲಿ ಹಾಗೆಯೇ. ಕಡಲೆಕಾಳಿನಷ್ಟು ಒತ್ತಿ, ಅದನ್ನೇ ಎರಡೂ ಮಂಡಿಗೆ ಸವರಿ, ಮುಚ್ಚಳ ಬಿಗಿದು ಟಿವಿ ಪಕ್ಕ ಇಟ್ಟುಬಿಡುತ್ತಾರೆ. ಟ್ಯೂಬು ಬೇಗ ಮುಗಿದರೆ ಹಚ್ಚುವವರಿಗೇ ಮುಜುಗರ, ಮಗನಿಗೆ ಖರ್ಚು ಅಂತ. ಮಾತ್ರೆಯಾದರೆ ಅರ್ಧ ಮುರಿದು ತಿಂದದ್ದು ಡಾಕ್ಟರಿಗೆ ಗೊತ್ತಾಗುತ್ತದೆ, ಜೆಲ್‌ನಲ್ಲಿ ಎಷ್ಟು ಹಚ್ಚಿದಿರಿ ಎಂದು ಯಾರೂ ಕೇಳುವುದಿಲ್ಲ.

ಕೇಳಬೇಕು. ಮಾಮೂಲಿ 1.16% ಡೈಕ್ಲೊಫೆನಾಕ್ ಜೆಲ್‌ಗೆ ಹೇಳಿರುವ ಪ್ರಮಾಣ, ಒಂದು ಜಾಗಕ್ಕೆ ಒಂದು ಸಲಕ್ಕೆ 2ರಿಂದ 4 ಗ್ರಾಂ, ದಿನಕ್ಕೆ ಮೂರು ನಾಲ್ಕು ಸಲ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಉದ್ದಕ್ಕೆ ಒತ್ತಿದರೆ ಸುಮಾರು ಅರ್ಧ ಗ್ರಾಂ ಎಂಬುದು ಚರ್ಮವೈದ್ಯರು ಬಳಸುವ ಅಳತೆ. ಅಂದರೆ 2 ಗ್ರಾಂ ಎಂದರೆ ಅಂಥ ನಾಲ್ಕು ಬೆರಳು. ಕಡಿಮೆ ಕಡೆಯ ಲೆಕ್ಕವನ್ನೇ ಹಿಡಿಯೋಣ. ಮಂಡಿಗೆ 2 ಗ್ರಾಂ, ದಿನಕ್ಕೆ ಮೂರು ಸಲ, ಎರಡು ಮಂಡಿ: 12 ಗ್ರಾಂ ಆಯಿತು. 30 ಗ್ರಾಂ ಟ್ಯೂಬು ಎರಡೂವರೆ ದಿನಕ್ಕೆ ಖಾಲಿ. ತಿಂಗಳಿಗೆ ಹನ್ನೆರಡು ಟ್ಯೂಬು, 1,440 ರೂಪಾಯಿ. ಅಮೆರಿಕದಲ್ಲಿ 1% ಜೆಲ್‌ನ ಚೀಟಿಯಲ್ಲಿ ಮಂಡಿಗೆ ಹೇಳಿರುವುದು ಇನ್ನೂ ಹೆಚ್ಚು, 4 ಗ್ರಾಂನಂತೆ ದಿನಕ್ಕೆ ನಾಲ್ಕು ಸಲ. ಎರಡೂ ಮಂಡಿಗೆ ಹಾಗೆ ಹಚ್ಚಿದರೆ ದಿನಕ್ಕೆ 32 ಗ್ರಾಂ, ನಿಮ್ಮ ಟ್ಯೂಬು ರಾತ್ರಿಯ ಹೊತ್ತಿಗೆ ಮುಗಿದಿರುತ್ತದೆ.

ಹಾಗಾಗಿ ‘ಜೆಲ್‌ನಲ್ಲಿ ಏನೂ ಇಲ್ಲ’ ಎಂಬ ಅಮ್ಮನ ತೀರ್ಪನ್ನು ನಾನು ಸದ್ಯಕ್ಕೆ ಒಪ್ಪುವುದಿಲ್ಲ. ಅವರ ಮಂಡಿಗೆ ಆ ಔಷಧ ಇನ್ನೂ ಸರಿಯಾಗಿ ತಲುಪಿಯೇ ಇರಲಿಕ್ಕಿಲ್ಲ. ಹಾಗೆಯೇ 120 ರೂಪಾಯಿಯದು ಅಗ್ಗ, ಎರಡು ಸಾವಿರದ್ದು ದುಬಾರಿ ಎಂಬ ನಿಮ್ಮ ಹೋಲಿಕೆಯೂ ನಿಲ್ಲುವುದಿಲ್ಲ. ಹಚ್ಚುವ ಮದ್ದಿನ ಬೆಲೆಯನ್ನು ಟ್ಯೂಬಿನ ಮೇಲಿನ ಎಂಆರ್‌ಪಿಯಲ್ಲಿ ನೋಡಬಾರದು, ಸರಿಯಾದ ಪ್ರಮಾಣದಲ್ಲಿ ಒಂದು ದಿನಕ್ಕೆ ಎಷ್ಟಾಗುತ್ತದೆ ಎಂದು ನೋಡಬೇಕು. ನಿಮ್ಮ ಡಾಕ್ಟರು ಬರೆದ ‘ಅಗ್ಗದ’ ಜೆಲ್ ದಿನಕ್ಕೆ 48 ರೂಪಾಯಿಯದು.

ಈಗ ಆ 48 ರೂಪಾಯಿಗೆ ಸಿಗುವುದೇನು ಎಂಬ ಪ್ರಶ್ನೆ. ಚಿಕಿತ್ಸೆಗಳ ಪುರಾವೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯೊಂದಿದೆ. ದೀರ್ಘಕಾಲದ ಕೀಲುನೋವಿಗೆ ಹಚ್ಚುವ ನೋವುನಿವಾರಕಗಳ ಬಗ್ಗೆ ಅದು 2016ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿ ಇತ್ತು, ಹೆಚ್ಚಿನವರು ಮಂಡಿ ಸವೆತದವರು. ಆರರಿಂದ ಹನ್ನೆರಡು ವಾರ ಡೈಕ್ಲೊಫೆನಾಕ್ ಹಚ್ಚಿದವರಲ್ಲಿ ಸುಮಾರು 60% ಜನರಿಗೆ ನೋವು ಗಣನೀಯವಾಗಿ, ಎಂದರೆ ಹೆಚ್ಚುಕಡಿಮೆ ಅರ್ಧಕ್ಕೆ, ಇಳಿದಿತ್ತು. ಒಳ್ಳೆಯ ಫಲಿತಾಂಶವೇ. ಆದರೆ ಔಷಧವೇ ಇಲ್ಲದ ಹುಸಿ ಜೆಲ್ ಹಚ್ಚಿದವರಲ್ಲೂ ಸುಮಾರು 50% ಜನರಿಗೆ ಅಷ್ಟೇ ಇಳಿದಿತ್ತು! ಹತ್ತು ಜನ ಹಚ್ಚಿದರೆ ಐವರಿಗೆ ಜೆಲ್ ಎಂಬ ಕಾರಣಕ್ಕೇ ಗುಣ ಕಾಣುತ್ತದೆ, ಔಷಧದ ದೆಸೆಯಿಂದ ಇನ್ನೊಬ್ಬರಿಗೆ. ಉಳಿದ ನಾಲ್ವರಿಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ.

ಈ ಅಂಕಿಗಳನ್ನು ನೋಡಿ ‘ಎಲ್ಲ ಮನಸ್ಸಿನ ಆಟ’ ಎಂದು ಕೈ ಝಾಡಿಸಬೇಡಿ. ಆ ಐವರಲ್ಲಿ ನಡೆಯುವುದು ಬರೀ ಭ್ರಮೆಯಲ್ಲ. ಸವೆತದ ನೋವು ಏರಿಳಿಯುವಂಥದು, ಜನ ಡಾಕ್ಟರ ಬಳಿ ಹೋಗುವುದು ಅದು ಏರಿದಾಗ, ಅದು ತಾನಾಗಿಯೂ ಒಂದಷ್ಟು ಇಳಿಯುತ್ತದೆ. ಜೊತೆಗೆ ದಿನಕ್ಕೆ ಮೂರು ಸಲ ಕೂತು ಮಂಡಿ ನೀವಿಕೊಳ್ಳುವುದೇ ಒಂದು ಉಪಚಾರ. ಸ್ಪರ್ಶದ ನರಗಳು ಚುರುಕಾದರೆ ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ತಡೆ ಬೀಳುತ್ತದೆ ಎಂಬ ಸಿದ್ಧಾಂತವನ್ನು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮುಂದಿಟ್ಟರು. ಬಿದ್ದ ಮಗುವಿನ ಮೊಣಕಾಲನ್ನು ಅಜ್ಜಿ ಉಜ್ಜುವುದಕ್ಕೆ ವಿಜ್ಞಾನ ಕೊಟ್ಟ ವಿವರಣೆ ಅದು. ಇನ್ನು ನಿರೀಕ್ಷೆ. ಗುಣವಾಗುತ್ತದೆ ಎಂಬ ನಂಬಿಕೆಯಿಂದ ಮೆದುಳು ತನ್ನದೇ ನೋವುಶಾಮಕಗಳನ್ನು ಬಿಡುಗಡೆ ಮಾಡುತ್ತದೆ, ಅದು ಅಳೆಯಬಲ್ಲ ಸಂಗತಿ.

ಹಾಗಾದರೆ ಅಮೆರಿಕದ ಕ್ರೀಮು ಹಚ್ಚಿದ ಕೂಡಲೇ ಹಗುರವಾಗುವುದೇಕೆ? ಅದರಲ್ಲಿರುವ ಎರಡೂ ವಸ್ತುಗಳು ಕೂಡಲೇ ತಿಳಿಯುವಂಥವು. ಲಿಡೊಕೇನ್ ಚರ್ಮವನ್ನು ಮರಗಟ್ಟಿಸುತ್ತದೆ, ಹಲ್ಲಿನ ಡಾಕ್ಟರು ಚುಚ್ಚುವ ಮದ್ದಿನದೇ ಜಾತಿ. ಮೆಂಥಾಲ್, ಚರ್ಮದ ನರತುದಿಗಳಲ್ಲಿ ಚಳಿಯನ್ನು ಗುರುತಿಸುವ ಟಿಆರ್‌ಪಿಎಂ8 ಎಂಬ ಪ್ರೋಟೀನನ್ನು ಕೆರಳಿಸುತ್ತದೆ. ಅಲ್ಲಿ ಚಳಿ ಇರುವುದಿಲ್ಲ, ಮೆದುಳಿಗೆ ಮಾತ್ರ ಚಳಿಯ ಸುದ್ದಿ ಹೋಗುತ್ತದೆ. ಡೈಕ್ಲೊಫೆನಾಕ್‌ಗೆ ಅಂಥ ಯಾವ ಸದ್ದುಗದ್ದಲವೂ ಇಲ್ಲ. ಅದು ಚರ್ಮದ ಮೂಲಕ ಇಳಿದು ಕೀಲಿನ ಸುತ್ತ ಉರಿಯೂತ ತಗ್ಗಿಸಬೇಕು, ಪರಿಣಾಮ ಗೊತ್ತಾಗಲು ಏಳು ದಿನದವರೆಗೂ ಹಿಡಿಯಬಹುದು ಎಂದು ಅಮೆರಿಕದ ಚೀಟಿಯಲ್ಲೇ ಇದೆ. ‘ನೀರು ಹಚ್ಚಿದ ಹಾಗೆ’ ಎಂಬ ಅಮ್ಮನ ಮಾತು ಮೊದಲ ದಿನದ ಮಟ್ಟಿಗೆ ಪೂರಾ ಸರಿ.

ನಮ್ಮ ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು. ಮೆಡಿಕಲ್ ಶಾಪಿನಲ್ಲಿ ಸಿಗುವ ಹಲವು ಜೆಲ್‌ಗಳ ಹಿಂಬದಿ ಓದಿ ನೋಡಿ: ಡೈಕ್ಲೊಫೆನಾಕ್ 1.16%, ಅಗಸೆ ಎಣ್ಣೆ 3%, ಮಿಥೈಲ್ ಸ್ಯಾಲಿಸಿಲೇಟ್ 10%, ಮೆಂಥಾಲ್ 5%. ಈ ಪಾಕ ಬೇರೆ ಬೇರೆ ಹೆಸರಿನಲ್ಲಿ ಬೇರೆ ಬೇರೆ ಬೆಲೆಗೆ ಬರುತ್ತದೆ. ಮೊದಲನೆಯದು ಮಂಡಿಗೆ, ಕೊನೆಯ ಎರಡು ಮುಖ್ಯವಾಗಿ ಚರ್ಮಕ್ಕೆ ಮತ್ತು ಮೂಗಿಗೆ. ಮಿಥೈಲ್ ಸ್ಯಾಲಿಸಿಲೇಟ್‌ನಂಥ ‘ಬಿಸಿ’ ಮುಲಾಮುಗಳಿಂದ ದೀರ್ಘಕಾಲದ ನೋವಿಗೆ ಪ್ರಯೋಜನವಿದೆ ಎನ್ನಲು ತಕ್ಕ ಪುರಾವೆ ಇಲ್ಲ ಎಂದು ಕಾಕ್ರೇನ್ 2014ರಲ್ಲೇ ಹೇಳಿತ್ತು. ಅವನ್ನು ಪರೀಕ್ಷಿಸುವುದೂ ಕಷ್ಟ. ಘಮವಿಲ್ಲದ, ಉರಿಯದ ಹುಸಿ ಮುಲಾಮು ಕೊಟ್ಟರೆ ರೋಗಿಗೆ ಕೂಡಲೇ ಗೊತ್ತಾಗಿಬಿಡುತ್ತದೆ. ಆದರೂ ಆ ಘಮ ಇಲ್ಲದಿದ್ದರೆ ಮದ್ದು ಹಚ್ಚಿದ ಹಾಗೇ ಆಗುವುದಿಲ್ಲ ಎನ್ನುವವರು ನಮ್ಮಲ್ಲಿ ಲಕ್ಷಗಟ್ಟಲೆ ಇದ್ದಾರೆ. ಕಾಶೀನಾಥುನಿ ನಾಗೇಶ್ವರ ರಾವ್ 1893ರಲ್ಲಿ ಮುಂಬಯಿಯಲ್ಲಿ ಅಮೃತಾಂಜನ ಶುರು ಮಾಡಿದಾಗಿನಿಂದ ನಾಲ್ಕು ತಲೆಮಾರು ನೋವನ್ನು ಮೂಗಿನಿಂದಲೇ ವಾಸಿ ಮಾಡಿಕೊಂಡು ಬಂದಿದೆ. ಅದರ ಮಾರಾಟದ ಹಣ ಒಂದು ತೆಲುಗು ಪತ್ರಿಕೆಗೂ ಸ್ವಾತಂತ್ರ್ಯ ಹೋರಾಟಕ್ಕೂ ಆಸರೆಯಾಯಿತು ಎಂಬುದು ಬೇರೆ ಕತೆ.

ದುಬಾರಿ ಎಂಬುದಕ್ಕೇ ಗುಣ ಕಾಣುತ್ತದೆಯೇ ಎಂಬ ನಿಮ್ಮ ಅನುಮಾನಕ್ಕೆ ನೇರ ಉತ್ತರವಿದೆ: ಹೌದು, ಒಂದಷ್ಟು ಮಟ್ಟಿಗೆ. 2008ರಲ್ಲಿ ಅಮೆರಿಕದ ಸಂಶೋಧಕರು 82 ಆರೋಗ್ಯವಂತರಿಗೆ ಹೊಸ ನೋವಿನ ಮಾತ್ರೆ ಎಂದು ಹೇಳಿ ಔಷಧವಿಲ್ಲದ ಮಾತ್ರೆ ಕೊಟ್ಟರು, ಮಣಿಕಟ್ಟಿಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟು ನೋವು ಅಳೆದರು. ಮಾತ್ರೆಗೆ ಎರಡೂವರೆ ಡಾಲರ್ ಎಂದು ಕೇಳಿದವರಲ್ಲಿ 85% ಜನರಿಗೆ ನೋವು ಕಡಿಮೆಯಾಯಿತು, ರಿಯಾಯಿತಿಯಲ್ಲಿ 10 ಸೆಂಟ್‌ಗೆ ಇಳಿಸಿದ್ದಾರೆ ಎಂದು ಕೇಳಿದವರಲ್ಲಿ 61% ಜನರಿಗೆ. ಬೆಲೆಯ ಚೀಟಿಯೇ ಒಂದು ಔಷಧವಾಗಿತ್ತು.

ಆದರೆ ಬೆಲೆಗೆ ಎರಡೂ ಕಡೆ ಹರಿತವಿದೆ. 2017ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನ ಸಂಶೋಧಕರು ಮಾಡಿದ ಪ್ರಯೋಗ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರ, ಏಕೆಂದರೆ ಅಲ್ಲಿದ್ದದ್ದು ಕ್ರೀಮು. ತುರಿಕೆಯ ಮದ್ದು ಎಂದು ಹೇಳಿ ಏನೂ ಇಲ್ಲದ ಕ್ರೀಮನ್ನು ಕೈಗೆ ಹಚ್ಚಿದರು. ಅಡ್ಡಪರಿಣಾಮವಾಗಿ ಬಿಸಿ ತಾಗಿದಾಗ ನೋವು ಹೆಚ್ಚಾಗಬಹುದು ಎಂದು ಎಚ್ಚರಿಸಿದರು. ಒಂದು ಗುಂಪಿಗೆ ತೋರಿಸಿದ್ದು ದುಬಾರಿ ಔಷಧದಂತೆ ಕಾಣುವ ಡಬ್ಬಿ, ಇನ್ನೊಂದಕ್ಕೆ ಅಗ್ಗದ್ದು. ದುಬಾರಿ ಡಬ್ಬಿಯವರಿಗೇ ನೋವು ಹೆಚ್ಚಾಯಿತು! ಬೆಲೆ ಜಾಸ್ತಿ ಎಂದರೆ ಒಳಗೆ ಬಲವಾದದ್ದೇನೋ ಇದೆ, ಬಲವಾದದ್ದು ಕೆಟ್ಟದ್ದನ್ನೂ ಬಲವಾಗಿಯೇ ಮಾಡುತ್ತದೆ ಎಂದು ಮೆದುಳು ಲೆಕ್ಕ ಹಾಕುತ್ತದೆ. ಆ ಲೆಕ್ಕದ ಗುರುತು ಬೆನ್ನುಹುರಿಯ ಸ್ಕ್ಯಾನಿನಲ್ಲೂ ಕಂಡಿತು.

ಖರ್ಚು ಮತ್ತು ತೃಪ್ತಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟ ಅಧ್ಯಯನವೊಂದಿದೆ, ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅಮೆರಿಕದಲ್ಲಿ ಕೆಲವು ಔಷಧಾಲಯಗಳು ಡಾಕ್ಟರ ಚೀಟಿ ನೋಡಿ ನಾಲ್ಕಾರು ಔಷಧಗಳನ್ನು ಬೆರೆಸಿ ರೋಗಿಗೆಂದೇ ಕ್ರೀಮು ತಯಾರಿಸಿಕೊಡುತ್ತವೆ. ನರನೋವಿಗೆ ಕೆಟಮಿನ್, ಗ್ಯಾಬಪೆಂಟಿನ್, ಕ್ಲೊನಿಡಿನ್, ಲಿಡೊಕೇನ್, ಕೀಲು ಸ್ನಾಯು ನೋವಿಗೆ ಕೀಟೊಪ್ರೊಫೆನ್, ಬ್ಯಾಕ್ಲೊಫೆನ್, ಹೀಗೆ. ‘ನಿಮ್ಮೊಬ್ಬರಿಗಾಗಿಯೇ’ ಎಂಬ ಮಾತಿಗೆ ಮರುಳಾಗದವರು ಯಾರು? ಬೆಲೆ ಮಾತ್ರ ಮಾಮೂಲಿ ಜೆಲ್‌ನ ಹತ್ತಾರು ಪಟ್ಟು. ಬಿಲ್ ಕಟ್ಟುತ್ತಿದ್ದದ್ದು ವಿಮೆ. ಸೈನಿಕರ ಮತ್ತು ಅವರ ಕುಟುಂಬದ ಆರೋಗ್ಯ ವಿಮೆಯಾದ ಟ್ರೈಕೇರ್‌ನಲ್ಲಿ ಇಂಥ ಬೆರಕೆ ಮದ್ದಿನ ಖರ್ಚು 2013 ಮತ್ತು 2015ರ ನಡುವೆ ಹಲವು ಪಟ್ಟು ಏರಿ ಕೋಟ್ಯಂತರ ಡಾಲರ್ ದಾಟಿತು, ಒಂದಷ್ಟು ಮೋಸದ ಪ್ರಕರಣಗಳೂ ಕೋರ್ಟಿಗೆ ಹೋದವು.

ಆಗ ವಾಷಿಂಗ್ಟನ್ ಬಳಿಯ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. 399 ರೋಗಿಗಳು. ನರನೋವು, ಕೀಲು ಸ್ನಾಯು ನೋವು, ಎರಡೂ ಬೆರೆತದ್ದು ಎಂದು ಮೂರು ಗುಂಪು. ಪ್ರತಿ ಗುಂಪಿನಲ್ಲೂ ಅರ್ಧದಷ್ಟು ಜನರಿಗೆ ನಿಜವಾದ ಕ್ರೀಮು, ಉಳಿದವರಿಗೆ ಹುಸಿಯದು. ಈ ಪ್ರಯೋಗದಲ್ಲಿ ನನಗೆ ಹಿಡಿಸಿದ್ದು ‘ಗೆಲುವು’ ಎಂದರೇನು ಎಂದು ಅವರು ಮೊದಲೇ ಕಟ್ಟಿಕೊಂಡ ಷರತ್ತು. ಸೊನ್ನೆಯಿಂದ ಹತ್ತರವರೆಗಿನ ನೋವಿನ ಅಂಕ ಕನಿಷ್ಠ ಎರಡು ಇಳಿಯಬೇಕು, ಜೊತೆಗೆ ಐದರ ತೃಪ್ತಿಯ ಅಳತೆಯಲ್ಲಿ ರೋಗಿ ಮೂರಕ್ಕಿಂತ ಹೆಚ್ಚು ಕೊಡಬೇಕು. ನೋವು ಇಳಿದರೂ ರೋಗಿಗೆ ಸಮಾಧಾನವಿಲ್ಲದಿದ್ದರೆ ಅದು ಗೆಲುವಲ್ಲ, ಸಮಾಧಾನವಿದ್ದು ನೋವು ಇಳಿಯದಿದ್ದರೂ ಅಲ್ಲ. ನಿಮ್ಮ ಅಮ್ಮನ ‘ಹಗುರ’ ಎಂಬ ಮಾತಿಗೂ ಇದೇ ಎರಡು ಮಗ್ಗುಲಿನ ಪರೀಕ್ಷೆ ಬೇಕು.

ಫಲಿತಾಂಶ 2019ರಲ್ಲಿ ಹೊರಬಂತು. ತಿಂಗಳ ನಂತರ ಎರಡೂ ಕಡೆ ನೋವು ಇಳಿದಿತ್ತು, ನಿಜ ಕ್ರೀಮಿಗೂ ಹುಸಿ ಕ್ರೀಮಿಗೂ ನಡುವಿನ ಅಂತರ ಮೂರೂ ಗುಂಪುಗಳಲ್ಲಿ ಕೂದಲೆಳೆಯಷ್ಟು. ಆ ಜೋಡಿ ಷರತ್ತಿನಲ್ಲಿ ಗೆದ್ದವರು ನಿಜ ಕ್ರೀಮಿನವರಲ್ಲಿ 36%, ಹುಸಿಯವರಲ್ಲಿ 28%. ಇಷ್ಟು ಬೆಲೆಗೆ ಇವನ್ನು ವಾಡಿಕೆಯಾಗಿ ಬಳಸುವುದು ತರವಲ್ಲ ಎಂದು ಸಂಶೋಧಕರು ಬರೆದರು. ಹುಸಿ ಕ್ರೀಮು ಹಚ್ಚಿಯೂ ನೂರರಲ್ಲಿ 28 ಜನ ನೋವು ಇಳಿದು ಸಂತೋಷವಾಗಿದ್ದರು ಎಂಬುದನ್ನು ಗಮನಿಸಿ. ಆ ಸಂತೋಷಕ್ಕೆ ದುಬಾರಿ ಔಷಧ ಬೇಕಿರಲಿಲ್ಲ.

‘ಅಮ್ಮ ಖುಷಿಯಾಗಿದ್ದರೆ ತಪ್ಪೇನು’ ಎಂದಿರಿ. ತಪ್ಪಿಲ್ಲ. ನೋವು ಎಂಬುದು ಅನುಭವಿಸುವವರು ಹೇಳಿದಷ್ಟೇ, ಅದನ್ನು ಹೊರಗಿನಿಂದ ಅಳೆಯುವ ಮೀಟರು ಇಲ್ಲ. ಅಮ್ಮ ಹಗುರ ಎಂದರೆ ಹಗುರವೇ. ನನ್ನ ತಕರಾರು ಆ ಹಗುರಕ್ಕೆ ಎರಡು ಸಾವಿರ ಕೊಡಬೇಕೇ ಎಂಬುದಷ್ಟೇ. ಹುಸಿ ಮದ್ದಿನ ಪಾಲು ಯಾವ ಮುಲಾಮಿನ ಜೊತೆಗಾದರೂ ಪುಕ್ಕಟೆ ಬರುತ್ತದೆ. ಮೆಂಥಾಲ್‌ನ ತಂಪು ನಮ್ಮೂರಿನ ಇಪ್ಪತ್ತು ಮೂವತ್ತು ರೂಪಾಯಿಯ ಬಾಮಿನಲ್ಲೂ ಇದೆ. ಉಳಿದದ್ದು ಲಿಡೊಕೇನ್. ಅದರ 5% ಪ್ಯಾಚ್‌ಗೆ ಅಮೆರಿಕ 1999ರಲ್ಲಿ ಒಪ್ಪಿಗೆ ಕೊಟ್ಟದ್ದು ಸರ್ಪಸುತ್ತು ಮಾಸಿದ ಮೇಲೆ ಉಳಿಯುವ ನರನೋವಿಗೆ. ಅಲ್ಲಿ ನೋವು ಹುಟ್ಟುವುದು ಚರ್ಮದ ನರಗಳಲ್ಲಿ, ಚರ್ಮ ಮರಗಟ್ಟಿದರೆ ಅರ್ಥವಿದೆ. ಮಂಡಿ ಸವೆತದ ನೋವಿನ ಬೇರು ಕೀಲಿನ ಒಳಗೆ. ಮತ್ತೆ ಆ ಕ್ರೀಮು ಅಮೆರಿಕದಿಂದ ಬಂದದ್ದು, ತಂಗಿಯ ಮಗ ದೊಡ್ಡಮ್ಮನನ್ನು ನೆನೆದು ತಂದದ್ದು. ಅದರ ಗುಣದಲ್ಲಿ ಆ ಹುಡುಗನ ಪಾಲೂ ಇರಬೇಕು. ಅದನ್ನು ನೀವು ಆನ್‌ಲೈನ್‌ನಲ್ಲಿ ತರಿಸಿದರೆ ಅಷ್ಟೇ ಗುಣ ಕಂಡೀತೇ ಎಂಬುದು ನನ್ನ ಅನುಮಾನ.

ತೃಪ್ತಿಯನ್ನೇ ಕೊನೆಯ ಮಾತಾಗಿಸಿದರೆ ಏನಾಗಬಹುದು ಎಂಬುದಕ್ಕೂ ಒಂದು ಅಧ್ಯಯನವಿದೆ. 2012ರಲ್ಲಿ ಜೋಶುವಾ ಫೆಂಟನ್ ಮತ್ತು ಸಂಗಡಿಗರು ಅಮೆರಿಕದ ಸುಮಾರು 52 ಸಾವಿರ ವಯಸ್ಕರ ಮಾಹಿತಿ ಜಾಲಾಡಿದರು. ಡಾಕ್ಟರ ಬಗ್ಗೆ ಅತಿ ಹೆಚ್ಚು ತೃಪ್ತಿ ಇದ್ದವರು ಅತಿ ಕಡಿಮೆ ತೃಪ್ತಿಯವರಿಗಿಂತ ಸುಮಾರು 9% ಹೆಚ್ಚು ಖರ್ಚು ಮಾಡಿದ್ದರು, ಮುಂದಿನ ವರ್ಷಗಳಲ್ಲಿ ಅವರ ಸಾವಿನ ಅಪಾಯವೂ 26% ಹೆಚ್ಚಿತ್ತು. ತೃಪ್ತಿಯೇ ಕೊಂದಿತು ಎಂದು ಇದರಿಂದ ಹೇಳಲಾಗದು. ಕೇಳಿದ್ದನ್ನೆಲ್ಲ ಬರೆದುಕೊಡುವ ಡಾಕ್ಟರು ರೋಗಿಗೆ ಇಷ್ಟವಾಗುತ್ತಾರೆ, ಅದು ರೋಗಿಗೆ ಒಳ್ಳೆಯದೇ ಆಗಬೇಕೆಂದಿಲ್ಲ ಎಂಬ ಅನುಮಾನಕ್ಕಂತೂ ಜಾಗ ಇದೆ. ‘ಎರಡೇ ದಿನದಲ್ಲಿ ನೋವು ಮಾಯ’ ಎಂದು ಹೆಸರಿಲ್ಲದ ಪುಡಿ, ಗುಳಿಗೆ ಕೊಡುವವರ ಬಳಿ ನಮ್ಮಲ್ಲೂ ಸಾಲು ನಿಲ್ಲುತ್ತದೆ. ಅಂಥ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಸಿಕ್ಕಿರುವುದುಂಟು. ತೃಪ್ತಿಯ ಅಂಕ ಕೇಳಿದರೆ ಆ ಪುಡಿಗೆ ಐದಕ್ಕೆ ಐದು ಬೀಳುತ್ತಿತ್ತು.

ಇನ್ನು ಮಾತ್ರೆಯ ವಿಚಾರ. ಹೌದು, ಅಂಗಡಿಯ ಲೆಕ್ಕದಲ್ಲಿ ಮಾತ್ರೆ ಜೆಲ್‌ಗಿಂತ ಎಷ್ಟೋ ಅಗ್ಗ, ದಿನಕ್ಕೆ ಕೆಲವೇ ರೂಪಾಯಿ. ಆದರೆ ನಿಮ್ಮ ತಾಯಿಗೆ 68, ಬಿಪಿ ಬೇರೆ. ಡೈಕ್ಲೊಫೆನಾಕ್ ಜಾತಿಯ ನೋವಿನ ಮಾತ್ರೆಗಳು ಬಿಪಿ ಏರಿಸುತ್ತವೆ, ಕೆಲವು ಬಿಪಿ ಮಾತ್ರೆಗಳ ಕೆಲಸವನ್ನೇ ಮಂಕಾಗಿಸುತ್ತವೆ, ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ, ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ತರಬಲ್ಲವು. ಒಂದು ಸಲ ಹೊಟ್ಟೆಯ ರಕ್ತಸ್ರಾವಕ್ಕೆ ಆಸ್ಪತ್ರೆ ಸೇರಿದರೆ ಆಗುವ ಖರ್ಚಿನಲ್ಲಿ ವರ್ಷಗಟ್ಟಲೆ ಜೆಲ್ ಹಚ್ಚಬಹುದು. ಜೆಲ್ ಮಂಡಿಗೆ ಹಚ್ಚಿದಾಗ ರಕ್ತಕ್ಕೆ ಸೇರುವ ಡೈಕ್ಲೊಫೆನಾಕ್, ಮಾತ್ರೆ ನುಂಗಿದಾಗ ಸೇರುವುದರ 6% ಮಾತ್ರ. ಹಾಗಾಗಿಯೇ ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಮಂಡಿ ಸವೆತಕ್ಕೆ ಮಾತ್ರೆಗಿಂತ ಮೊದಲು ಹಚ್ಚುವ ಔಷಧ ಎಂದಿತು. ಅಮೆರಿಕದ ಸಂಧಿವಾತ ತಜ್ಞರ ಕಾಲೇಜೂ 2019ರಲ್ಲಿ ಮಂಡಿಗೆ ಅದನ್ನೇ ಬಲವಾಗಿ ಶಿಫಾರಸು ಮಾಡಿತ್ತು.

ಗುಣದಲ್ಲಿ ವ್ಯತ್ಯಾಸವಿದೆಯೇ? ಬ್ರಿಟನ್ನಿನಲ್ಲಿ 50 ದಾಟಿದ ಮಂಡಿನೋವಿನವರ ಮೇಲೆ ಐಬುಪ್ರೊಫೆನ್ ಹಚ್ಚುವುದೋ ನುಂಗುವುದೋ ಎಂದು ಒಂದು ವರ್ಷ ನೋಡಿದರು. 2008ರಲ್ಲಿ ಬಂದ ಫಲಿತಾಂಶದ ಪ್ರಕಾರ ವರ್ಷದ ಕೊನೆಗೆ ಮಂಡಿಯ ಸ್ಥಿತಿ ಎರಡೂ ಕಡೆ ಸಮ. ಅಡ್ಡಪರಿಣಾಮ ತಾಳಲಾರದೆ ಮಾತ್ರೆ ಬಿಟ್ಟವರು ಹೆಚ್ಚು, ಸಾಕಷ್ಟು ಗುಣವಿಲ್ಲ ಎಂದು ಹಚ್ಚುವುದನ್ನು ಬಿಟ್ಟವರು ಹೆಚ್ಚು. ಅದೇ ಅಧ್ಯಯನದಲ್ಲಿ ಆಯ್ಕೆಯನ್ನು ರೋಗಿಗಳಿಗೇ ಬಿಟ್ಟ ಇನ್ನೊಂದು ಗುಂಪಿತ್ತು, ಅವರಲ್ಲಿ ಬಹುಪಾಲು ಜನ ಆರಿಸಿಕೊಂಡದ್ದು ಹಚ್ಚುವುದನ್ನೇ.

ಈ ಮಾತೆಲ್ಲ ಮಂಡಿಗೆ, ಕೈಬೆರಳ ಗೆಣ್ಣುಗಳಿಗೆ. ಸೊಂಟದ ಕೀಲು ತುಂಬ ಆಳ, ಅಲ್ಲಿಗೆ ಜೆಲ್ ಇಳಿಯುವುದಿಲ್ಲ. ಸಕ್ಕರೆ ಕಾಯಿಲೆಯ ಪಾದ ಉರಿಗೂ ಡೈಕ್ಲೊಫೆನಾಕ್ ಹೊಂದುವುದಿಲ್ಲ, ಅದು ನರದ ನೋವು. ಅದಕ್ಕೆ ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಇದೆ. ಖಾರವನ್ನೂ ಸುಡುವ ಬಿಸಿಯನ್ನೂ ಗುರುತಿಸುವ ನರದ ಬಾಗಿಲು ಒಂದೇ ಎಂದು 1997ರಲ್ಲಿ ತೋರಿಸಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್‌ನಲ್ಲಿ ಪಾಲು ಬಂತು. ಆ ಬಾಗಿಲನ್ನು ಖಾರದಿಂದ ಬಡಿದೂ ಬಡಿದೂ ದಣಿಸುವುದೇ ಚಿಕಿತ್ಸೆ. (ನಮ್ಮ ಬ್ಯಾಡಗಿ ಮೆಣಸಿನಕಾಯಿ ಇದಕ್ಕೆ ಪ್ರಯೋಜನವಿಲ್ಲ. ಅದರ ಕೀರ್ತಿ ಬಣ್ಣಕ್ಕೆ, ಖಾರ ಕಡಿಮೆ.) 8% ಪ್ಯಾಚ್ ಅನ್ನು ಆಸ್ಪತ್ರೆಯಲ್ಲೇ ಅರ್ಧ ಅಥವಾ ಒಂದು ಗಂಟೆ ಅಂಟಿಸಿ ತೆಗೆಯುತ್ತಾರೆ, ಪರಿಣಾಮ ಮೂರು ತಿಂಗಳವರೆಗೂ ಇರಬಹುದು, ಬೆಲೆ ಕೈಸುಡುವಂಥದು. ಕಡಿಮೆ ಖಾರದ ಕ್ರೀಮು ಅಗ್ಗ, ಆದರೆ ದಿನಕ್ಕೆ ಮೂರು ನಾಲ್ಕು ಸಲ ವಾರಗಟ್ಟಲೆ ಉರಿ ತಾಳಬೇಕು, ಅನೇಕರು ನಡುವೆಯೇ ಬಿಡುತ್ತಾರೆ.

ನಿಮ್ಮ ಅಮ್ಮನಿಗೆ ನಾನು ಹೇಳುವುದಾದರೆ ಹೀಗೆ. ಬರೀ ಡೈಕ್ಲೊಫೆನಾಕ್ ಇರುವ, ಹೆಚ್ಚುವರಿ ಘಮವಿಲ್ಲದ ಜೆಲ್ ತನ್ನಿ, ದೊಡ್ಡ ಟ್ಯೂಬು ಸಿಕ್ಕರೆ ಗ್ರಾಂ ಲೆಕ್ಕದಲ್ಲಿ ಅಗ್ಗವೇ ಎಂದು ನೋಡಿ. ಜನೌಷಧಿ ಕೇಂದ್ರದಲ್ಲಿ ಮೊದಲು ವಿಚಾರಿಸಿ, ಹೆಸರುವಾಸಿ ಬ್ರಾಂಡಿಗಿಂತ ಅಲ್ಲಿ ಬಹಳ ಕಡಿಮೆಗೆ ಸಿಗುವ ಸಂಭವ ಹೆಚ್ಚು. ಆಗ ಮೇಲಿನ 48 ರೂಪಾಯಿಯ ಲೆಕ್ಕವೂ ಕರಗುತ್ತದೆ. ಎರಡೂ ಮಂಡಿಗೆ ಸರಿಯಾದ ಅಳತೆಯಲ್ಲಿ, ದಿನಕ್ಕೆ ಮೂರು ಸಲ, ನಾಲ್ಕು ವಾರ ಹಚ್ಚಲಿ. ‘ನೋವು ಹೇಗಿದೆ’ ಎಂದು ದಿನಾ ಕೇಳಬೇಡಿ, ದಾಕ್ಷಿಣ್ಯಕ್ಕೆ ಪರವಾಗಿಲ್ಲ ಎಂದುಬಿಡುತ್ತಾರೆ. ಅವರಿಗೆ ಕಷ್ಟವಾಗಿರುವ ಒಂದೆರಡು ಕೆಲಸ ಆರಿಸಿಕೊಳ್ಳಿ: ಕುರ್ಚಿಯಿಂದ ಕೈ ಊರದೆ ಏಳುವುದು, ದೇವಸ್ಥಾನದ ಮೆಟ್ಟಿಲು, ಬಸ್ ಹತ್ತುವುದು. ಶುರುವಿನ ದಿನ ಒಮ್ಮೆ, ನಾಲ್ಕು ವಾರಕ್ಕೆ ಒಮ್ಮೆ ಗಮನಿಸಿ. ವ್ಯತ್ಯಾಸ ಇಲ್ಲವಾದರೆ ಜೆಲ್ ನಿಲ್ಲಿಸಿ, ಹತ್ತರಲ್ಲಿ ನಾಲ್ವರಿಗೆ ಹಾಗಾಗುತ್ತದೆ. ವ್ಯತ್ಯಾಸ ಇದ್ದರೆ ನೋವು ಏರಿದ ದಿನಗಳಿಗೆ ಮಾತ್ರ ಇಳಿಸಿ ನೋಡಿ. ಇದನ್ನು ಶುರು ಮಾಡುವ ಮೊದಲು ಡಾಕ್ಟರ ಕಿವಿಗೆ ಹಾಕಿ, ಮುಖ್ಯವಾಗಿ ಅಮ್ಮ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅಥವಾ ಮೂತ್ರಪಿಂಡದ ತೊಂದರೆ ಇದ್ದರೆ.

ಎರಡನೇ ಡಬ್ಬಿಯ ಎರಡು ಸಾವಿರವನ್ನು ಫಿಸಿಯೊಥೆರಪಿಸ್ಟ್‌ಗೆ ಕೊಡಿ. ತೊಡೆಯ ಮುಂಭಾಗದ ಸ್ನಾಯುವಿಗೆ ಬಲ ತುಂಬುವ ವ್ಯಾಯಾಮ ಕಲಿತುಬಂದರೆ ಆಮೇಲೆ ಅದಕ್ಕೆ ಖರ್ಚೇ ಇಲ್ಲ. ಮಂಡಿ ಸವೆತಕ್ಕೆ ಎಲ್ಲ ಮಾರ್ಗಸೂಚಿಗಳೂ ಮೊದಲು ಹೇಳುವುದು ವ್ಯಾಯಾಮವನ್ನೇ, ತೂಕ ಹೆಚ್ಚಿದ್ದರೆ ಅದನ್ನು ಇಳಿಸುವುದನ್ನೇ. ಮೊದಲ ದಿನ ಹಗುರವಾಗುವ ಬದಲು ಮೈಕೈ ನೋಯುತ್ತದೆ, ಅದಕ್ಕೇ ಯಾರಿಗೂ ಇದರ ಮೇಲೆ ತೃಪ್ತಿ ಇಲ್ಲ.

ಇರುವ ಡಬ್ಬಿಯನ್ನು ಎಸೆಯಬೇಡಿ. ಚೀಟಿಯಲ್ಲಿ ಹೇಳಿದಷ್ಟೇ ಸಲ, ಗಾಯವಿಲ್ಲದ ಚರ್ಮಕ್ಕೆ, ಮೇಲೆ ಬಟ್ಟೆ ಬಿಗಿಯದೆ ಹಚ್ಚಲಿ. ಯಾವ ಮುಲಾಮಿನ ಮೇಲೂ ಬಿಸಿನೀರಿನ ಚೀಲ, ಶಾಖ ಬೇಡ. ಮೆಂಥಾಲ್, ಮಿಥೈಲ್ ಸ್ಯಾಲಿಸಿಲೇಟ್ ಇರುವ ಮುಲಾಮುಗಳಿಂದ ಚರ್ಮ ಸುಟ್ಟ ಪ್ರಕರಣಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ಎಚ್ಚರಿಸಿತ್ತು. ಮನೆಯಲ್ಲಿ ಮೊಮ್ಮಕ್ಕಳಿದ್ದರೆ ಮಿಥೈಲ್ ಸ್ಯಾಲಿಸಿಲೇಟ್ ಇರುವ ಎಣ್ಣೆಗಳನ್ನು ಬೀಗದಲ್ಲಿಡಿ. ಶುದ್ಧ ವಿಂಟರ್‌ಗ್ರೀನ್ ಎಣ್ಣೆ ಒಂದು ಟೀ ಚಮಚ ಹೊಟ್ಟೆಗೆ ಹೋದರೆ ಇಪ್ಪತ್ತಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆ ನುಂಗಿದ್ದಕ್ಕೆ ಸಮ. ಮಂಡಿ ಒಮ್ಮೆಲೇ ಊದಿ ಕೆಂಪಾದರೆ, ಜ್ವರ ಬಂದರೆ, ನೋವು ರಾತ್ರಿ ನಿದ್ದೆಯಿಂದ ಎಬ್ಬಿಸುವಷ್ಟಾದರೆ, ಅಥವಾ ಒಂದೇ ಕಾಲಿನ ಮೀನಖಂಡ ಬಾತುಕೊಂಡರೆ ಯಾವ ಟ್ಯೂಬನ್ನೂ ಮುಟ್ಟದೆ ಅದೇ ದಿನ ಡಾಕ್ಟರಿಗೆ ತೋರಿಸಿ.